ಚುಚ್ಚುಮದ್ದಿನ ಜ್ವರವೂ ಹಸುಗೂಸಿನ ಔಷಧವೂ

ನಮ್ಮ ಕೈಲಾಂಚದ ಸುತ್ತಮುತ್ತ ಜ್ವರವೆಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ಎಲ್ಲರೂ ಬಲ್ಲದ್ದು. ಇನ್ನೊಂದು ರೇಷ್ಮೆ ಸಾಕುವವರ ಮನೆಯ ಮಾತು. ರೇಷ್ಮೆ ಹುಳು ತನ್ನ ಹಳೆಯ ಚರ್ಮವನ್ನು ಕಳಚುವ ಮುನ್ನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಸುಮಾರು ಒಂದು ದಿನದಷ್ಟು ಹೊತ್ತು ಅಲುಗಾಡದೆ ಉಳಿದುಬಿಡುತ್ತದೆ. ಇದನ್ನು ನಮ್ಮವರು ‘ಹುಳು ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಚರ್ಮ ಕಳಚಿ ಮತ್ತೆ ಸೊಪ್ಪಿಗೆ ಬಾಯಿ ಹಾಕಿದರೆ ‘ಜ್ವರ ಎದ್ದಿತು’ ಎನ್ನುತ್ತಾರೆ. ಹೀಗೆ ನಾಲ್ಕು ಜ್ವರ ಎದ್ದ ಹುಳುವೇ ಚಂದ್ರಿಕೆ ಏರಿ ಗೂಡು ಕಟ್ಟುವುದು. ಜ್ವರಕ್ಕೆ ಕೂತ ಹುಳುವನ್ನು ತಿಳಿದ ರೈತನು ಕದಲಿಸುವುದಿಲ್ಲ, ಸೊಪ್ಪು ಹಾಕುವುದಿಲ್ಲ. ತಟ್ಟೆ ಒಣಗಿರಲೆಂದು ಸುಣ್ಣದ ಪುಡಿ ತೂರಿ ಕಾದುಕೊಂಡಿರುತ್ತಾನೆ. ಆ ಜ್ವರ ರೋಗವಲ್ಲ, ಬೆಳವಣಿಗೆಯ ಒಂದು ಹಂತ ಎಂಬುದು ಅವನಿಗೆ ಗೊತ್ತು.

ಹುಳುವಿನ ಮೈ ಬಿಸಿಯಾಗುವುದಿಲ್ಲವಾದ್ದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಆದರೂ ಹಸುಗೂಸಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದ ರಾತ್ರಿ ಬರುವ ಜ್ವರದ ವಿಷಯವನ್ನು ಹೇಳಹೊರಟಾಗ ನನಗೆ ಮೊದಲು ನೆನಪಾದದ್ದು ಇದೇ. ಹುಳುವಿನ ಮನೆಯಲ್ಲಿ ಜ್ವರವನ್ನು ಇಷ್ಟು ಸಮಾಧಾನದಿಂದ ನೋಡಿಕೊಳ್ಳುವ ಅದೇ ಜನ, ಕೂಸಿನ ಜ್ವರ ಬಂದೊಡನೆ ಒಂದೋ ಕೈಗೆ ಸಿಕ್ಕಿದ ಔಷಧವನ್ನು ಅಳತೆಯಿಲ್ಲದೆ ಹಾಕುತ್ತಾರೆ, ಇಲ್ಲವೇ ಮುಂದಿನ ಚುಚ್ಚುಮದ್ದೇ ಬೇಡವೆಂದು ಕೈ ಬಿಡುತ್ತಾರೆ. ಎರಡೂ ಅಪಾಯಕರ. ನಾನು ಕಲಾ ವಿಭಾಗದ ವಿದ್ಯಾರ್ಥಿನಿ. ವೈದ್ಯಶಾಸ್ತ್ರ ನನ್ನ ಓದಿನ ವಿಷಯವಲ್ಲ. ಆದರೆ ಇಲ್ಲಿ ಬೇಕಾದ ಶಾಸ್ತ್ರದಲ್ಲಿ ಹೆಚ್ಚಿನ ಭಾಗ ಗುಣಾಕಾರ ಭಾಗಾಕಾರಗಳೇ. ಅದನ್ನು ಬಲ್ಲವರು ಪ್ರತಿ ಮನೆಯಲ್ಲಿಯೂ ಒಬ್ಬರಿರಬೇಕು.

ಮೊದಲು ಚುಚ್ಚುಮದ್ದಿನ ಕ್ರಮವನ್ನು ಸ್ಥೂಲವಾಗಿ ತಿಳಿಯೋಣ. ಹುಟ್ಟಿದ ಕೂಡಲೆ ಕ್ಷಯಕ್ಕೆ ಬಿ.ಸಿ.ಜಿ., ಕಾಮಾಲೆಗೆ ಒಂದು ಸೂಜಿ, ಪೋಲಿಯೋ ಹನಿ. ಆಮೇಲೆ ೬, ೧೦ ಮತ್ತು ೧೪ನೆಯ ವಾರಗಳಲ್ಲಿ ಮುಖ್ಯವಾದ ‘ಪೆಂಟಾ’. ಒಂದೇ ಸೂಜಿಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಬಿ ಮಾದರಿಯ ಕಾಮಾಲೆ, ಹಿಬ್ ಎಂಬ ಕ್ರಿಮಿಯಿಂದ ಬರುವ ಮಿದುಳುಪೊರೆಯ ಉರಿಯೂತ ಇವೇ ಮೊದಲಾದ ಬೇನೆಗಳು, ಹೀಗೆ ಐದಕ್ಕೆ ಕಾವಲು. ಇದನ್ನು ಎಡ ತೊಡೆಗೆ ಹಾಕುತ್ತಾರೆ. ಇದರ ಜೊತೆಗೆ ಪೋಲಿಯೋ, ರೋಟಾ ಹನಿ, ನ್ಯುಮೋನಿಯಾಕ್ಕೆ ಪಿ.ಸಿ.ವಿ. ಎಂಬ ಸೂಜಿ ಆಯಾ ವಾರಕ್ಕೆ ತಕ್ಕಂತೆ ಸೇರುತ್ತವೆ. ಒಂಬತ್ತು ತಿಂಗಳಿಗೆ ದಡಾರ ಮತ್ತು ರುಬೆಲ್ಲಾ. ನಮ್ಮ ದೇಶದಲ್ಲಿ ೧೯೭೮ರಲ್ಲಿ ಆರಂಭವಾಗಿ ೧೯೮೫ರಿಂದ ಸಾರ್ವತ್ರಿಕವೆಂದು ಹೆಸರಾದ ಈ ಕಾರ್ಯಕ್ರಮದಲ್ಲಿ ಎಲ್ಲವೂ ಉಚಿತ. ತಾರೀಖುಗಳನ್ನು ‘ತಾಯಿ ಕಾರ್ಡ್’ನಲ್ಲಿ ಬರೆದುಕೊಡುತ್ತಾರೆ.

ಇವುಗಳಲ್ಲಿ ಜ್ವರ ತರುವುದರಲ್ಲಿ ಮುಂದಾದದ್ದು ಪೆಂಟಾ. ಅದರ ಐದು ಅಂಶಗಳ ಪೈಕಿ ನಾಯಿಕೆಮ್ಮಿನ ಅಂಶವೇ ಇದಕ್ಕೆ ಹೆಚ್ಚಾಗಿ ಕಾರಣ. ಸರ್ಕಾರದ ಲಸಿಕೆಯಲ್ಲಿ ನಾಯಿಕೆಮ್ಮಿನ ಕ್ರಿಮಿಯನ್ನು ಕೊಂದು ಇಡಿಯಾಗಿ ಸೇರಿಸಿರುತ್ತಾರೆ. ಪೇಟೆಯ ಖಾಸಗಿ ಆಸ್ಪತ್ರೆಗಳಲ್ಲಿ ‘ನೋವಿಲ್ಲದ ಸೂಜಿ’ ಎಂದು ದುಡ್ಡಿಗೆ ದೊರೆಯುವ ಲಸಿಕೆಯಲ್ಲಿ ಕ್ರಿಮಿಯ ಕೆಲವು ತುಣುಕುಗಳನ್ನು ಮಾತ್ರ ಬಳಸಿರುತ್ತಾರೆ. ಅದರಿಂದ ಜ್ವರ ಕಡಿಮೆ. ಹಾಗೆಂದು ಸರ್ಕಾರದ ಲಸಿಕೆ ಕೀಳೆಂದು ತಿಳಿಯತಕ್ಕದ್ದಲ್ಲ. ಇಡೀ ಕ್ರಿಮಿಯ ಲಸಿಕೆಯ ರಕ್ಷಣೆ ಹೆಚ್ಚು ಕಾಲ ಬಾಳುತ್ತದೆಂದು ತಜ್ಞರ ಅಭಿಪ್ರಾಯ. ಬಡವನ ಮಗುವಿಗೆ ಜ್ವರದ ಲಸಿಕೆ, ಹಣವಂತನ ಮಗುವಿಗೆ ಒಳ್ಳೆಯ ಲಸಿಕೆ ಎಂದು ನಮ್ಮ ಕಡೆ ಬಸ್ಸಿನಲ್ಲಿ ಆಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಆ ಮಾತು ಸರಿಯಲ್ಲ.

ಜ್ವರ ಬರುವ ಬಗೆ ಹೀಗೆ. ಲಸಿಕೆಯು ತೊಡೆಯ ಸ್ನಾಯುವನ್ನು ಹೊಕ್ಕಾಗ ರಕ್ತದ ಬಿಳಿಯ ಕಣಗಳು ಅದನ್ನು ಶತ್ರುವೆಂದು ಬಗೆದು ಎಚ್ಚರಿಕೆಯ ದ್ರವ್ಯಗಳನ್ನು ಬಿಡುತ್ತವೆ. ಅವುಗಳ ಸುದ್ದಿ ಮಿದುಳಿನ ಬುಡದಲ್ಲಿ ಮೈಶಾಖವನ್ನು ಕಾಯ್ದುಕೊಳ್ಳುವ ಸ್ಥಾನಕ್ಕೆ ಮುಟ್ಟಿದಾಗ, ಅಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ಹುಟ್ಟಿ ಶಾಖದ ಗುರಿಯನ್ನು ಮೇಲಕ್ಕೆ ಏರಿಸುತ್ತದೆ. ಮೈ ಕಾಯುತ್ತದೆ. ಕೂಸು ಕಿರಿಕಿರಿ ಮಾಡುತ್ತದೆ, ಸೂಜಿ ಹೊಕ್ಕ ಕಡೆ ಕೆಂಪಗೆ ಊದುತ್ತದೆ, ಕಾಲು ಮುಟ್ಟಿದರೆ ಚೀರುತ್ತದೆ. ಸಾಮಾನ್ಯವಾಗಿ ಇದೆಲ್ಲ ಅದೇ ದಿನ ಸಂಜೆಗೋ ರಾತ್ರಿಗೋ ತೊಡಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಜ್ವರ ಬಾರದ ಕೂಸಿಗೆ ಲಸಿಕೆ ಹತ್ತಲಿಲ್ಲವೆಂದೇನೂ ಅಲ್ಲ. ಅಂಥ ಮಕ್ಕಳಲ್ಲಿಯೂ ರಕ್ಷಣೆ ಬೆಳೆಯುತ್ತದೆ.

ಪ್ಯಾರಾಸಿಟಮಾಲ್ ಎಂಬ ಔಷಧ ಆ ಪ್ರೋಸ್ಟಗ್ಲಾಂಡಿನ್ನಿನ ಉತ್ಪತ್ತಿಯನ್ನು ತಗ್ಗಿಸಿ ಶಾಖವನ್ನೂ ನೋವನ್ನೂ ಇಳಿಸುತ್ತದೆ. ಇದು ಅಮೆರಿಕದಲ್ಲಿ ೧೯೫೫ರಲ್ಲಿ ಮಾರಾಟಕ್ಕೆ ಬಂದದ್ದೇ ಮಕ್ಕಳು ಕುಡಿಯುವ ದ್ರವದ ರೂಪದಲ್ಲಿ. ಅಲ್ಲಿಂದ ಹನ್ನೊಂದು ವರ್ಷಗಳ ತರುವಾಯ, ೧೯೬೬ರಲ್ಲಿ, ಇದನ್ನು ಮಿತಿ ಮೀರಿ ನುಂಗಿದವರ ಯಕೃತ್ತು, ಅಂದರೆ ಈಲಿ, ಕೆಟ್ಟುಹೋದ ವರದಿಗಳು ಬ್ರಿಟನ್ನಿನಿಂದ ಬಂದವು. ಔಷಧ ಸಾಧುವಾದದ್ದು, ಆದರೆ ಲೆಕ್ಕ ಕೇಳುವಂಥದ್ದು. ನಮ್ಮಲ್ಲಿ ಇದರ ಸಾಧುತನವೊಂದನ್ನೇ ಎಲ್ಲರೂ ಬಲ್ಲರು.

ಲೆಕ್ಕವನ್ನು ಈಗ ನೋಡೋಣ. ಕೂಸಿಗೆ ಒಂದು ಸಲಕ್ಕೆ ಕೊಡಬಹುದಾದದ್ದು ಅದರ ತೂಕದ ಪ್ರತಿ ಕಿಲೋಗ್ರಾಮಿಗೆ ೧೦ರಿಂದ ೧೫ ಮಿಲಿಗ್ರಾಂ. ವಯಸ್ಸಿನಿಂದಲ್ಲ, ತೂಕದಿಂದ. ಒಂದು ಸಲ ಕೊಟ್ಟ ಮೇಲೆ ೪ರಿಂದ ೬ ಗಂಟೆ ಕಳೆಯದೆ ಮತ್ತೊಮ್ಮೆ ಕೊಡಕೂಡದು. ಹಗಲು ರಾತ್ರಿ ಸೇರಿ ನಾಲ್ಕು ಸಲಕ್ಕೆ ಹೆಚ್ಚು ಕೂಡದು. ಆರು ವಾರದ ಕೂಸು ನಾಲ್ಕು ಕಿಲೋ ತೂಗುತ್ತದೆಂದು ಇಟ್ಟುಕೊಳ್ಳಿ. ಒಂದು ಸಲಕ್ಕೆ ೪೦ರಿಂದ ೬೦ ಮಿಲಿಗ್ರಾಂ ಆಯಿತು. ಇಲ್ಲಿಯವರೆಗೆ ಸುಲಭ.

ತೊಡಕು ಇರುವುದು ಸೀಸೆಯಲ್ಲಿ. ನಮ್ಮ ಔಷಧದಂಗಡಿಗಳಲ್ಲಿ ಈ ಒಂದೇ ಔಷಧ ಮಕ್ಕಳಿಗೆಂದು ಮೂರು ಬಗೆಯ ಗಟ್ಟಿತನದಲ್ಲಿ ಸಿಗುತ್ತದೆ. ಚಿಕ್ಕ ಸೀಸೆಯ ‘ಡ್ರಾಪ್ಸ್’ನ ಒಂದು ಮಿಲಿಲೀಟರಿನಲ್ಲಿ ೧೦೦ ಮಿಲಿಗ್ರಾಂ. ದೊಡ್ಡ ಸೀಸೆಯ ಸಿರಪ್ಪಿನ ಐದು ಮಿಲಿಲೀಟರಿನಲ್ಲಿ ೧೨೫ ಮಿಲಿಗ್ರಾಂ, ಎಂದರೆ ಮಿಲಿಲೀಟರಿಗೆ ೨೫. ಇನ್ನೊಂದು ದೊಡ್ಡ ಸೀಸೆಯಲ್ಲಿ ಐದು ಮಿಲಿಲೀಟರಿಗೆ ೨೫೦, ಎಂದರೆ ಮಿಲಿಲೀಟರಿಗೆ ೫೦. ಚಿಕ್ಕ ಕೂಸಿಗೆಂದು ಮಾಡಿದ ಚಿಕ್ಕ ಸೀಸೆಯಲ್ಲಿರುವುದೇ ಎಲ್ಲಕ್ಕಿಂತ ಗಟ್ಟಿಯಾದ ಔಷಧ! ಹಸುಗೂಸು ಹೆಚ್ಚು ನುಂಗಲಾರದು, ಆದ್ದರಿಂದ ಕೆಲವೇ ಹನಿಗಳಲ್ಲಿ ಬೇಕಾದಷ್ಟು ಸೇರಿಸಿರುತ್ತಾರೆ. ಕಾರಣ ಸರಿಯೇ. ಆದರೆ ಅಕ್ಷರ ಬಾರದ ತಾಯಿ ಇದನ್ನು ಹೇಗೆ ಊಹಿಸಿಯಾಳು? ಚಿಕ್ಕ ಕೂಸಿನದು ಚಿಕ್ಕ ಸೀಸೆ, ಮೆತ್ತನೆಯ ಔಷಧ ಎಂದೇ ಯಾರಿಗಾದರೂ ತೋರುವುದು.

ನಾಲ್ಕು ಕಿಲೋ ಕೂಸಿಗೆ ಡ್ರಾಪ್ಸಾದರೆ ೦.೪ರಿಂದ ೦.೬ ಮಿಲಿಲೀಟರ್ ಬೇಕು. ೧೨೫ರ ಸಿರಪ್ಪಾದರೆ ೧.೬ರಿಂದ ೨.೪, ೨೫೦ರದಾದರೆ ೦.೮ರಿಂದ ೧.೨. ಒಂದು ಸೀಸೆಯ ಅಳತೆಯನ್ನು ಇನ್ನೊಂದಕ್ಕೆ ಬಳಸಿದರೆ ಆಗುವುದೇನು? ಡ್ರಾಪ್ಸನ್ನು ಸಿರಪ್ಪೆಂದು ತಿಳಿದು ಐದು ಮಿಲಿಲೀಟರಿನ ಒಂದು ಚಮಚ ಹಾಕಿದರೆ ಕೂಸಿನ ಹೊಟ್ಟೆಗೆ ೫೦೦ ಮಿಲಿಗ್ರಾಂ ಹೋಯಿತು. ಹೊಲದಲ್ಲಿ ಗೇಯುವ ಆಳು ಜ್ವರ ಬಂದಾಗ ನುಂಗುವ ಒಂದು ಇಡೀ ಮಾತ್ರೆಯಷ್ಟು! ಇದಕ್ಕೆ ತಿರುಗುಮುರುಗಾಗಿ, ಸಿರಪ್ಪನ್ನು ಡ್ರಾಪ್ಸಿನ ನಳಿಕೆಯಿಂದ ಅರ್ಧ ಮಿಲಿಲೀಟರ್ ಹಾಕಿದರೆ ಸೇರುವುದು ೧೨.೫ ಮಿಲಿಗ್ರಾಂ ಮಾತ್ರ, ಜ್ವರ ಕದಲುವುದಿಲ್ಲ. ಔಷಧ ಹಿಡಿಯಲಿಲ್ಲವೆಂದು ಮನೆಯವರು ಗಂಟೆಗೊಮ್ಮೆ ಹಾಕತೊಡಗುತ್ತಾರೆ.

ಈ ಮಾತು ಕೇವಲ ಕಾಗದದ ಲೆಕ್ಕವಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಆದಕಾರಣ ಅಕ್ಷರವಿರುವ ವಸ್ತುಗಳೆಲ್ಲ ನನ್ನ ಕೈಗೇ ಬರುತ್ತವೆ: ಕರೆಂಟಿನ ಬಿಲ್ಲು, ಪಹಣಿ, ಸೊಸೈಟಿಯ ನೋಟೀಸು, ಔಷಧದ ಸೀಸೆ. ಕಳೆದ ವರ್ಷ ಅಕ್ಕ ಬಾಣಂತನಕ್ಕೆ ಬಂದಿದ್ದಾಗ ಕೂಸಿಗೆ ಆರು ವಾರದ ಸೂಜಿ ಹಾಕಿಸಿದೆವು. ಸಂಜೆಗೆ ಮೈ ಬೆಚ್ಚಗಾಯಿತು. ಪೇಟೆಯ ಅಂಗಡಿಯೊಂದರಿಂದ ಮಾವ ಚಿಕ್ಕ ಸೀಸೆ ತಂದರು. ‘ಅರ್ಧ ಚಮಚ ಹಾಕಿ’ ಎಂದು ಅಂಗಡಿಯವರು ಹೇಳಿ ಕಳಿಸಿದ್ದರಂತೆ. ಅವ್ವ ಚಮಚ ತೊಳೆದು ತಂದೇಬಿಟ್ಟಳು. ಸೀಸೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ದೀಪದ ಕೆಳಗೆ ಹಿಡಿದು ಓದಿದೆ: ಪ್ರತಿ ಮಿಲಿಲೀಟರಿಗೆ ೧೦೦. ಅರ್ಧ ಚಮಚವೆಂದರೆ ಎರಡೂವರೆ ಮಿಲಿಲೀಟರ್, ೨೫೦ ಮಿಲಿಗ್ರಾಂ. ಕೂಸಿನ ತೂಕ ನಾಲ್ಕು ಕಿಲೋ. ಮೇಲ್ಮಿತಿಯಾದ ಅರವತ್ತರ ನಾಲ್ಕರಷ್ಟು! ೧೨೫ರ ಸಿರಪ್ಪಿಗಾದರೆ ಆ ಅರ್ಧ ಚಮಚ ಬಹುಮಟ್ಟಿಗೆ ಸರಿಯಾಗುತ್ತಿತ್ತು. ಅಂಗಡಿಯವರು ಹೇಳಿದ್ದು ಒಂದು ಸೀಸೆಯ ಅಳತೆ, ಕೊಟ್ಟದ್ದು ಇನ್ನೊಂದು ಸೀಸೆ. ನರ್ಸಮ್ಮನಿಗೆ ಫೋನು ಮಾಡಿ ಸೀಸೆಯ ಮೇಲಿದ್ದುದನ್ನು ಓದಿ ಹೇಳಿದೆವು. ಕೂಸು ಹಾಲು ಕುಡಿಯುತ್ತಿದೆಯೇ, ಚುರುಕಾಗಿದೆಯೇ ಎಂದು ವಿಚಾರಿಸಿ, ನಳಿಕೆಯಲ್ಲಿ ಅರ್ಧ ಮಿಲಿಲೀಟರ್ ಗೆರೆಯವರೆಗೆ ಎಳೆದು ಹಾಕಿ ಎಂದರು. ಮರುದಿನ ಮನೆಗೆ ಬಂದು ಅದನ್ನೇ ತಾಯಿ ಕಾರ್ಡಿನ ಮೂಲೆಯಲ್ಲಿ ಬರೆದರು. ಕೂಸು ಆ ರಾತ್ರಿ ಚೆನ್ನಾಗಿ ನಿದ್ರಿಸಿತು. ನಿದ್ರೆ ಬಾರದಿದ್ದುದು ನನಗೆ. ಅಕ್ಷರ ಬಲ್ಲವರು ಆ ಹೊತ್ತಿಗೆ ಮನೆಯಲ್ಲಿಲ್ಲದ ಮನೆಗಳ ವಿಚಾರವೇ ತಲೆಯಲ್ಲಿ ಸುತ್ತುತ್ತಿತ್ತು.

ಇದು ನಮ್ಮ ಹಳ್ಳಿಗಳ ಅಜ್ಞಾನದ ಫಲವೆಂದು ಪೇಟೆಯವರು ಭಾವಿಸಬೇಕಾಗಿಲ್ಲ. ಅಮೆರಿಕದಲ್ಲಿಯೂ ಕೂಸುಗಳಿಗೆ ಹೆಚ್ಚುಕಡಿಮೆ ಇಷ್ಟೇ ಗಟ್ಟಿಯಾದ ಡ್ರಾಪ್ಸು, ದೊಡ್ಡ ಮಕ್ಕಳಿಗೆ ತೆಳುವಾದ ದ್ರವ ಬಳಕೆಯಲ್ಲಿದ್ದವು. ಓದುಬರಹ ಬಲ್ಲ ತಾಯಿತಂದೆಗಳೇ ಅವೆರಡನ್ನೂ ಅದಲುಬದಲು ಮಾಡಿ ಅನಾಹುತಗಳಾದ್ದರಿಂದ, ೨೦೧೧ರಲ್ಲಿ ಅಲ್ಲಿನ ತಯಾರಕರು ಗಟ್ಟಿ ಡ್ರಾಪ್ಸನ್ನು ಕೈಬಿಟ್ಟು ಎಲ್ಲ ಮಕ್ಕಳಿಗೂ ಐದು ಮಿಲಿಲೀಟರಿಗೆ ೧೬೦ ಮಿಲಿಗ್ರಾಮಿನ ಒಂದೇ ಬಗೆಯನ್ನು ಇಟ್ಟುಕೊಳ್ಳಲು ಒಪ್ಪಿದರು. ನಮ್ಮಲ್ಲಿ ಮೂರೂ ಇವೆ. ಕನಿಷ್ಠಪಕ್ಷ ಗಟ್ಟಿತನದ ಅಂಕಿಯನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಮುದ್ರಿಸುವುದು ಯಾರಿಗೂ ಭಾರವಾಗದು ಎಂದು ನನ್ನ ಎಣಿಕೆ.

ಸೀಸೆಗಿಂತ ಹಳೆಯ ರೂಢಿಯೊಂದಿದೆ: ಕಾಲು ಮಾತ್ರೆ. ದೊಡ್ಡವರ ಮಾತ್ರೆಯನ್ನು ನಾಲ್ಕು ಹೋಳು ಮಾಡಿ, ಒಂದನ್ನು ಅರೆದು, ಎದೆಹಾಲಿನಲ್ಲಿ ಕಲಸಿ ಒಳಲೆಯಲ್ಲಿ ಹಾಕುವುದು. ‘ಕಾಲು’ ಎಂಬ ಮಾತು ಕೇಳಲು ಎಷ್ಟು ಚಿಕ್ಕದು! ೫೦೦ರ ಮಾತ್ರೆಯ ಕಾಲು ಭಾಗ ೧೨೫ ಮಿಲಿಗ್ರಾಂ. ನಾಲ್ಕು ಕಿಲೋ ಕೂಸಿನ ಮೇಲ್ಮಿತಿಯ ಎರಡರಷ್ಟು ಅಲ್ಲಿಗೇ ಆಯಿತು. ಈಗ ಮನೆಮನೆಯಲ್ಲೂ ಇರುವುದು ೬೫೦ರ ಮಾತ್ರೆ. ಅದರ ಕಾಲು ಭಾಗ ೧೬೦ಕ್ಕೂ ಮೇಲೆ. ಮಾತ್ರೆ ಕೈಯಲ್ಲಿ ಸಮನಾಗಿ ಒಡೆಯುವುದೂ ಇಲ್ಲ. ಹತ್ತು ಕಿಲೋ ತೂಗುವ ಒಂದು ವರ್ಷದ ಮಗುವಿಗೆ ಸರಿಹೋಗುವ ಕಾಲು ಮಾತ್ರೆಯನ್ನು ಆರು ವಾರದ ಕೂಸಿಗೂ ಅದೇ ಹೆಸರಿನಲ್ಲಿ ಕೊಡುವುದರಿಂದಲೇ ತೊಂದರೆ. ಒಂದು ಸಲಕ್ಕೆ ಕೂಸು ತಡೆದುಕೊಂಡೀತು. ದಿನಕ್ಕೆ ನಾಲ್ಕು ಸಲ, ಎರಡು ಮೂರು ದಿನ ಹೀಗೆಯೇ ಸಾಗಿದರೆ ಈಲಿಯ ಮೇಲೆ ಹೊರೆ ಬೀಳುತ್ತದೆ. ಅದು ಕೆಟ್ಟ ಕುರುಹು ಕೂಡಲೆ ಹೊರಗೆ ಕಾಣುವುದೂ ಇಲ್ಲ. ಪ್ರಮಾಣ ಮೀರಿ ಕೊಟ್ಟದ್ದು ತಿಳಿದರೆ ಕೂಸು ಚೆನ್ನಾಗಿಯೇ ಕಂಡರೂ ಸೀಸೆ ಸಮೇತ ಆಸ್ಪತ್ರೆಗೆ ಓಡಬೇಕು. ಇದಕ್ಕೆ ಪ್ರತ್ಯೌಷಧವುಂಟು, ಅದು ಬೇಗ ಕೊಟ್ಟಷ್ಟೂ ಫಲಕಾರಿ.

ಇನ್ನು ಎರಡನೆಯ ಪ್ರಶ್ನೆ: ಔಷಧವನ್ನು ಜ್ವರ ಬಂದ ಮೇಲೆ ಕೊಡಬೇಕೋ, ಬರುವ ಮುಂಚೆಯೇ ಕೊಟ್ಟುಬಿಡಬೇಕೋ? ಹೇಗೂ ಬರುತ್ತದಲ್ಲ, ಸೂಜಿಗೆ ಹೊರಡುವಾಗಲೇ ಎರಡು ತೊಟ್ಟು ಹಾಕಿದರೆ ಕೂಸು ಅಳುವುದೂ ತಪ್ಪೀತು ಎಂಬುದು ಅನೇಕ ತಾಯಂದಿರ ವಾದ. ಕೇಳಲು ಸಮಂಜಸವಾಗಿಯೇ ಇದೆ. ಜೆಕ್ ದೇಶದಲ್ಲಿ ೪೫೯ ಕೂಸುಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. ಫಲಿತಾಂಶ ೨೦೦೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಲಸಿಕೆಯ ದಿನವೇ, ಜ್ವರಕ್ಕೆ ಕಾಯದೆ, ಮೂರು ಸಲ ಪ್ಯಾರಾಸಿಟಮಾಲ್ ಕೊಟ್ಟರು. ಇನ್ನೊಂದಕ್ಕೆ ಹಾಗೆ ಕೊಡಲಿಲ್ಲ. ಮೊದಲ ಲಸಿಕೆಗಳ ತರುವಾಯ ಕೊಡದ ಗುಂಪಿನಲ್ಲಿ ನೂರಕ್ಕೆ ೬೬ ಕೂಸುಗಳಿಗೆ ಜ್ವರ ಬಂದರೆ ಕೊಟ್ಟ ಗುಂಪಿನಲ್ಲಿ ನೂರಕ್ಕೆ ೪೨ಕ್ಕೆ ಬಂತು. ಜ್ವರವೇನೋ ಇಳಿಯಿತು. ಆದರೆ ರಕ್ತ ಪರೀಕ್ಷಿಸಿದಾಗ, ಔಷಧ ಪಡೆದ ಕೂಸುಗಳಲ್ಲಿ ಹಲವು ಲಸಿಕೆಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳ ಮಟ್ಟವೂ ಕಡಿಮೆಯಾಗಿದ್ದುದು ಕಂಡುಬಂತು. ಹೆಚ್ಚಿನ ಕೂಸುಗಳಲ್ಲಿ ರಕ್ಷಣೆಗೆ ಸಾಲುವಷ್ಟು ಇದ್ದೇ ಇತ್ತೆಂಬುದನ್ನೂ ಹೇಳಬೇಕು; ಹೆದರಿಕೊಳ್ಳುವಂಥದ್ದೇನಲ್ಲ. ಆದರೂ ಕಾರಣವಿಲ್ಲದೆ ಮುಂಚಿತವಾಗಿ ಔಷಧ ಹಾಕುವ ರೂಢಿ ಬೇಡವೆನ್ನಲು ಇಷ್ಟು ಸಾಕು. ಸೂಜಿಯ ನೋವಿಗಂತೂ ಮುಂಚಿತವಾಗಿ ಕುಡಿಸಿದ ಔಷಧದಿಂದ ಪ್ರಯೋಜನ ಕಾಣದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ತಿಳಿಸಿತು.

ಇದಕ್ಕೊಂದು ಅಪವಾದವುಂಟು. ಬ್ರಿಟನ್ನಿನಲ್ಲಿ ೨೦೧೫ರಿಂದ ಹಸುಗೂಸುಗಳಿಗೆ ‘ಮೆನ್ ಬಿ’ ಎಂಬ ಮಿದುಳುಪೊರೆಯ ರೋಗದ ಲಸಿಕೆ ಕೊಡುತ್ತಿದ್ದಾರೆ. ಅದು ಬೇರೆ ಲಸಿಕೆಗಳೊಡನೆ ಸೇರಿದಾಗ ಜ್ವರ ಬಹಳವಾಗಿ ಬರುವುದರಿಂದ, ಆ ಲಸಿಕೆಗೆ ಮಾತ್ರ ೬೦ ಮಿಲಿಗ್ರಾಮಿನಂತೆ ಮೂರು ಸಲ ಔಷಧವನ್ನು ಜ್ವರಕ್ಕೆ ಕಾಯದೆ ಕೊಡುವಂತೆ ಅಲ್ಲಿನ ಸರ್ಕಾರ ಹೇಳಿತು. ಲಂಡನ್ನಿನಲ್ಲಿರುವ ನಮ್ಮ ಕನ್ನಡದ ಹೆಣ್ಣುಮಗಳು ಊರಿನ ತಂಗಿಗೆ ಫೋನಿನಲ್ಲಿ ‘ಇಲ್ಲಿ ಮುಂಚೆಯೇ ಹಾಕುತ್ತಾರೆ’ ಎಂದರೆ ಅವಳ ಮಾತು ಸುಳ್ಳಲ್ಲ. ಆದರೆ ಆ ಲಸಿಕೆ ನಮ್ಮ ಸರ್ಕಾರದ ಪಟ್ಟಿಯಲ್ಲಿಲ್ಲ.

ಹಾಗಾದರೆ ಯಾವಾಗ ಕೊಡಬೇಕು? ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ ಶಾಖ ೩೮ ಡಿಗ್ರಿ, ಹಳೆಯ ಎಣಿಕೆಯಲ್ಲಿ ೧೦೦.೪, ಮುಟ್ಟಿದ್ದರೆ ಮತ್ತು ಕೂಸು ನೋವಿನಿಂದ ನರಳುತ್ತಿದ್ದರೆ. ಆಟವಾಡಿಕೊಂಡು ಹಾಲು ಕುಡಿಯುತ್ತಿರುವ ಕೂಸಿನ ಮೈ ತುಸು ಬೆಚ್ಚಗಾಯಿತೆಂದು ಕೊಡಬೇಕಾಗಿಲ್ಲ. ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ನಮ್ಮ ಹೋಬಳಿಯ ಹುಳುವಿನ ಮನೆಗಳಿಗೆ ಹೋಗಿ ನೋಡಿ: ಗೋಡೆಗೆ ಥರ್ಮಾಮೀಟರ್ ತೂಗುಹಾಕಿರುತ್ತಾರೆ. ಚಾಕಿ ಹುಳುವಿಗೆ ೨೭–೨೮ ಡಿಗ್ರಿ ಇರಬೇಕು, ಬಲಿತ ಹುಳುವಿಗೆ ೨೪–೨೫ ಸಾಕು ಎಂಬುದನ್ನು ಶಾಲೆಗೆ ಹೋಗದ ಮುದುಕಿಯೂ ಬಾಯಲ್ಲಿ ಹೇಳುತ್ತಾಳೆ. ಅದೇ ಮನೆಯ ತೊಟ್ಟಿಲ ಬಳಿ ಜ್ವರ ನೋಡುವುದು ಅಂಗೈಯಿಂದ! ಗೂಡಿನ ಒಂದು ಬೆಳೆಯ ಮೇಲಿನ ಎಚ್ಚರ ಕೂಸಿನ ಮೇಲೂ ಇದ್ದರೆ, ನೂರಿನ್ನೂರು ರೂಪಾಯಿಯ ಥರ್ಮಾಮೀಟರೊಂದು ಮನೆಗೆ ಬಂದೀತು.

ಪ್ಯಾರಾಸಿಟಮಾಲ್ ಅಲ್ಲದೆ ಬೇರೆ ಯಾವುದನ್ನೂ ಕೂಸಿನ ಹತ್ತಿರ ತರಬಾರದು. ಆಸ್ಪಿರಿನ್ ಮಕ್ಕಳಿಗೆ ನಿಷಿದ್ಧ. ಅದರಿಂದ ಮಿದುಳು ಮತ್ತು ಈಲಿಗಳಿಗೆ ತಟ್ಟುವ ರೇ ಎಂಬ ಅಪರೂಪದ ಕಾಯಿಲೆ ಬರಬಹುದು. ನಿಮೆಸುಲೈಡ್ ಔಷಧವನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಭಾರತ ಸರ್ಕಾರ ೨೦೧೧ರಲ್ಲಿಯೇ ನಿಷೇಧಿಸಿತು. ಐಬುಪ್ರೊಫೆನ್ ಇಷ್ಟು ಎಳೆಯ ಕೂಸಿಗೆ ಸಲ್ಲದು. ಎಲ್ಲಕ್ಕಿಂತ ಹೆಚ್ಚಾಗಿ ಹೆದರಬೇಕಾದದ್ದು ದೊಡ್ಡ ಮಗುವಿನ ನೆಗಡಿ ಕೆಮ್ಮಿಗೆಂದು ತಂದು ಅರ್ಧ ಉಳಿದಿರುವ ಸೀಸೆಗೆ. ಅವುಗಳಲ್ಲಿ ಹಲವು ಮಿಶ್ರಣಗಳು. ಪ್ಯಾರಾಸಿಟಮಾಲಿನ ಜೊತೆ ಇನ್ನೆರಡು ಮದ್ದು ಸೇರಿರುತ್ತವೆ. ಜ್ವರಕ್ಕೆ ಡ್ರಾಪ್ಸು, ಮೂಗಿಗೆ ಈ ಮಿಶ್ರಣ ಎಂದು ಎರಡನ್ನೂ ಹಾಕಿದರೆ ಒಂದೇ ಔಷಧ ಎರಡು ಸಲ ಒಳಗೆ ಹೋಯಿತು. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಇವೆರಡು ಕೂಡಿದ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಕೂಡದೆಂದು ೨೦೨೩ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆಜ್ಞೆ ಮಾಡಿದರು. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಪ್ರಾಣ ಹೋದದ್ದು ಇಂಥದೇ ಒಂದು ನೆಗಡಿ ಕೆಮ್ಮಿನ ಸಿರಪ್ಪಿನಿಂದ. ಅಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ಆ ಅಕ್ಟೋಬರಿನಲ್ಲಿಯೇ ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ ಕೆಮ್ಮಿನ ಔಷಧ ಬರೆಯಬಾರದೆಂದು ಕೇಂದ್ರದ ಆರೋಗ್ಯ ಇಲಾಖೆ ಸೂಚಿಸಿತು.

ಎಲ್ಲ ಜ್ವರವೂ ಸೂಜಿಯ ಜ್ವರವಲ್ಲ; ಇದು ಬಹು ಮುಖ್ಯವಾದ ಮಾತು. ಎರಡು ತಿಂಗಳು ತುಂಬದ ಕೂಸಿಗೆ ಬರುವ ಜ್ವರವನ್ನು ವೈದ್ಯರು ಎಂದೂ ಹಗುರವಾಗಿ ಎಣಿಸುವುದಿಲ್ಲ, ಏಕೆಂದರೆ ರಕ್ತದ ನಂಜಿಗೂ ಆ ವಯಸ್ಸಿನಲ್ಲಿ ಕಾಣುವ ಕುರುಹು ಅದೊಂದೇ ಆಗಿರಬಹುದು. ಆರು ವಾರದ ಸೂಜಿ ಬೀಳುವುದು ಸರಿಯಾಗಿ ಆ ವಯಸ್ಸಿನಲ್ಲಿ. ಆದ್ದರಿಂದ ಆ ಮೊದಲ ಸಲ ಔಷಧ ಹಾಕುವ ಮುನ್ನ ನರ್ಸಮ್ಮನನ್ನೋ ಡಾಕ್ಟರನ್ನೋ ಕೇಳಲೇಬೇಕು. ದಿನ ತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆಯ ಕೂಸಾದರಂತೂ ಕೇಳದೆ ಒಂದು ಹನಿಯನ್ನೂ ಹಾಕಕೂಡದು. ಜ್ವರ ಎರಡು ದಿನ ಮೀರಿದರೆ, ೩೯ ಡಿಗ್ರಿ ದಾಟಿದರೆ, ಮೂರು ಗಂಟೆಗೂ ಮೀರಿ ಒಂದೇ ಸಮನೆ ಚೀರಿದರೆ, ಮೊಲೆ ಹಿಡಿಯದಿದ್ದರೆ, ಮೈ ಜೋತುಬಿದ್ದು ಬಿಳಿಚಿಕೊಂಡರೆ, ಉಸಿರಾಟ ಕಷ್ಟವಾದರೆ, ಸೆಳವು ಬಂದರೆ ಬೆಳಗಾಗಲೆಂದು ಕಾಯದೆ ೧೦೮ಕ್ಕೆ ಕರೆ ಮಾಡಬೇಕು. ಅಂಥ ವೇಳೆಯಲ್ಲಿ ಔಷಧ ಹಾಕಿ ಜ್ವರವನ್ನು ಮುಚ್ಚಿಟ್ಟು ಕೂತರೆ ಹೊತ್ತು ಕಳೆದುಹೋಗುತ್ತದೆ. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತುಕೊಳ್ಳಿ ಎನ್ನುವುದೂ ಇಂಥದೇ ಕಾರಣಕ್ಕೆ. ಬಲು ಅಪರೂಪವಾಗಿ ಕೂಡಲೆ ಬರುವ ತೀವ್ರ ಒಗ್ಗದಿಕೆಗೆ ಅಲ್ಲಿ ಔಷಧವಿರುತ್ತದೆ. ಬಸ್ಸು ತಪ್ಪುತ್ತದೆಂದು ಎದ್ದು ಬರುವವರೇ ಹೆಚ್ಚು.

ಔಷಧವಿಲ್ಲದೆಯೂ ಮಾಡಬಹುದಾದದ್ದು ಬಹಳ. ಸೂಜಿ ಹಾಕುವಾಗ ಕೂಸನ್ನು ಮಡಿಲಲ್ಲಿ ಅಪ್ಪಿ ಹಿಡಿದು, ಸೆರಗಿನ ಮರೆಯಲ್ಲಿ ಮೊಲೆ ಕೊಡುತ್ತಿದ್ದರೆ ಅಳು ಬೇಗ ನಿಲ್ಲುತ್ತದೆ. ನಮ್ಮಜ್ಜಿಯಂಥವರು ಓದದೆ ಬಲ್ಲ ಈ ಉಪಾಯವನ್ನೇ ವಿಶ್ವ ಆರೋಗ್ಯ ಸಂಸ್ಥೆಯೂ ಆ ೨೦೧೫ರ ಸೂಚನೆಯಲ್ಲಿ ಹೇಳಿದೆ. ಮನೆಗೆ ಬಂದ ಮೇಲೆ ಊದಿದ ಜಾಗಕ್ಕೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಬಹುದು. ಉಜ್ಜಬಾರದು, ಸುಣ್ಣಬೆಲ್ಲ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬಾರದು. ಅಜ್ಜಿಯ ಎಲ್ಲ ಉಪಾಯಗಳನ್ನೂ ಒಪ್ಪಲಾಗದು ಎನ್ನುವುದಕ್ಕೆ ಜ್ವರದ ಕೂಸಿಗೆ ಕುಲಾಯಿ ಹಾಕಿ, ಕಂಬಳಿ ಸುತ್ತಿ, ಸಾಂಬ್ರಾಣಿ ಹೊಗೆ ಹಿಡಿಯುವುದೇ ಸಾಕ್ಷಿ. ಮೊದಲೇ ಕಾದ ಮೈಯ ಶಾಖ ಹೊರಹೋಗಲು ದಾರಿಯೇ ಇಲ್ಲದಂತಾಗುತ್ತದೆ. ತೆಳುವಾದ ಹತ್ತಿಯ ಬಟ್ಟೆಯೊಂದು ಸಾಕು. ಹಾಲನ್ನು ಮತ್ತೆ ಮತ್ತೆ ಕೊಡುತ್ತಿರಬೇಕು. ದೃಷ್ಟಿ ತೆಗೆಯುವುದಿದ್ದರೆ ತೆಗೆಯಲಿ, ಅದರಿಂದ ಕೂಸಿಗೆ ಕೇಡಿಲ್ಲ.

ಒಂದು ರಾತ್ರಿಯ ಜ್ವರದ ವಿಚಾರಕ್ಕ

ೆ ಇಷ್ಟೆಲ್ಲ ಬರೆಯಬೇಕೆ ಎಂದು ಗೆಳತಿಯೊಬ್ಬಳು ಕೇಳಿದಳು. ಅದಕ್ಕೆ ಕಾರಣವಿದೆ. ‘ಸೂಜಿ ಚುಚ್ಚುಸ್ಕಂಡ್ ಬಂದು ಮಗ ಕೆಂಡ ಆಗೈತೆ, ಇನ್ನ್ ಬ್ಯಾಡ ಕಣವ್ವ’ ಎಂಬ ಮಾತನ್ನು ನಮ್ಮ ಕೇರಿಯಲ್ಲಿ ನಾನು ಹಲವು ಸಲ ಕೇಳಿದ್ದೇನೆ. ಆರನೆಯ ವಾರದ ರಾತ್ರಿ ಹೆದರಿದ ಮನೆ ಹತ್ತನೆಯ ವಾರಕ್ಕೆ ಬರುವುದಿಲ್ಲ. ಒಂದೇ ಸೂಜಿಗೆ ನಿಂತ ಕೂಸಿಗೆ ಅರೆಬರೆ ರಕ್ಷಣೆ. ಗಂಟಲಮಾರಿ ಹಳೆಯ ಕಾಲದ ಕಾಯಿಲೆಯೆಂದು ನಾವು ತಿಳಿದಿದ್ದರೂ ಈ ಶತಮಾನದಲ್ಲಿಯೂ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಅದು ಮತ್ತೆ ಕಾಣಿಸಿಕೊಂಡಿದೆ. ಲಸಿಕೆ ಹಾಕುವವರು ಪ್ರತಿ ತಾಯಿಗೂ ನಾಲ್ಕು ಮಾತು ಹೇಳಬೇಕೆಂದು ಸರ್ಕಾರದ ಕೈಪಿಡಿಯಲ್ಲಿದೆ: ಇಂದು ಯಾವ ಲಸಿಕೆ ಹಾಕಿತು ಮತ್ತು ಅದು ಯಾವ ರೋಗವನ್ನು ತಡೆಯುತ್ತದೆ, ಮುಂದೆ ಯಾವಾಗ ಎಲ್ಲಿಗೆ ಬರಬೇಕು, ಏನು ತೊಂದರೆ ಕಾಣಬಹುದು ಮತ್ತು ಆಗ ಏನು ಮಾಡಬೇಕು, ಕಾರ್ಡನ್ನು ಜೋಪಾನವಾಗಿಟ್ಟು ಮುಂದಿನ ಸಲ ತರಬೇಕು. ಐವತ್ತು ಕೂಸುಗಳು ಕಾದಿರುವ ಬೆಳಿಗ್ಗೆ ಈ ನಾಲ್ಕರಲ್ಲಿ ಮೂರನೆಯದೇ ಮೊಟಕಾಗುವುದು. ಅದನ್ನು ತಾಯಿಯೇ ಕೇಳಿ ಪಡೆಯಬೇಕು. ಕೂಸನ್ನು ತೂಗಿಸಿ, ಮನೆಯಲ್ಲಿರುವ ಸೀಸೆಯನ್ನೇ ಜೊತೆಗೆ ಒಯ್ದು ತೋರಿಸಿ, ‘ಇದರಲ್ಲಿ ಎಷ್ಟು ಎಳೆಯಬೇಕು, ಕಾರ್ಡಿನ ಮೇಲೆ ಬರೆದುಕೊಡಿ’ ಎಂದರೆ ಆಯಿತು. ಮುಂದಿನ ಸೂಜಿಯ ಹೊತ್ತಿಗೆ ಕೂಸು ಬೆಳೆದಿರುತ್ತದೆ. ಆಗ ಮತ್ತೆ ತೂಗಿಸಿ ಮತ್ತೆ ಬರೆಸಬೇಕು. ಅಳೆಯಲು ಸೀಸೆಯೊಡನೆ ಬಂದ ನಳಿಕೆಯನ್ನೇ ಬಳಸಬೇಕು, ಒಂದು ಸೀಸೆಯ ನಳಿಕೆಯನ್ನು ಇನ್ನೊಂದಕ್ಕೆ ಹಾಕಬಾರದು. ಅಡಿಗೆಮನೆಯ ಚಮಚ ಅಳತೆಯಲ್ಲ. ಕೊಟ್ಟ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ, ಅವ್ವ ಒಮ್ಮೆ ಅತ್ತೆ ಒಮ್ಮೆ ಕೊಡುವುದು ತಪ್ಪುತ್ತದೆ.

ಕಡೆಯದಾಗಿ ಒಂಬತ್ತು ತಿಂಗಳ ದಡಾರದ ಸೂಜಿಯ ವಿಷಯ. ಪೆಂಟಾದಂತೆ ಇದರ ಜ್ವರ ಆ ರಾತ್ರಿಯೇ ಬರಬೇಕೆಂದಿಲ್ಲ. ಇದರಲ್ಲಿರುವುದು ಬಲಗುಂದಿಸಿದ ಜೀವಂತ ವೈರಾಣು. ಅದು ಮೈಯೊಳಗೆ ಬೆಳೆಯಲು ದಿನಗಳು ಬೇಕು. ಆದ್ದರಿಂದ ಸುಮಾರು ಒಂದು ವಾರದಿಂದ ಹನ್ನೆರಡು ದಿನಗಳ ಮೇಲೆ, ಸೂಜಿಯ ನೆನಪೇ ಮಾಸಿರುವಾಗ, ಜ್ವರವೂ ಕೆಲವು ಮಕ್ಕಳಲ್ಲಿ ತೆಳುವಾದ ಕೆಂಪು ಗುಳ್ಳೆಗಳೂ ಕಾಣಬಹುದು. ‘ಅಮ್ಮ’ ಬಂದಳೆಂದು ಬೇವಿನ ಸೊಪ್ಪು ಕಟ್ಟಿ, ಸ್ನಾನ ಔಷಧಗಳನ್ನು ಬಿಡಿಸಿ ಕೂರುವ ಮನೆಗಳುಂಟು. ಅಂಥ ಜ್ವರ ಬಂದ ಮಗುವನ್ನು ಡಾಕ್ಟರಿಗೆ ತೋರಿಸುವಾಗ ತಾಯಿ ಕಾರ್ಡನ್ನೂ ಜೊತೆಗೆ ಒಯ್ದು, ಸೂಜಿ ಹಾಕಿಸಿದ ತಾರೀಖನ್ನು ಮೊದಲು ಹೇಳಬೇಕು.